ಪಂಚಾಯತಿನ ಕಾಂಕ್ರೀಟು, ನಮ್ಮ ಹಲಗೆ

ಕಾಸರಗೋಡಿನ ಪೂರ್ವ ಭಾಗದಲ್ಲಿ, ಕರ್ನಾಟಕದ ಗಡಿಗೆ ತಾಗಿಕೊಂಡೇ ಇರುವ ಊರು ನಮ್ಮದು. ಎರಡೂ ಬದಿ ಅಡಿಕೆ ತೋಟ, ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ಆ ತೋಡು ಹೋಗಿ ಶಿರಿಯ ಹೊಳೆಗೆ ಸೇರುತ್ತದೆ. ಈ ತೋಡಿಗೆ ಗ್ರಾಮ ಪಂಚಾಯತ್ ಮತ್ತು ಊರವರು ಸೇರಿ ಒಂದು ಕಿಂಡಿ ಅಣೆಕಟ್ಟು, ಅಂದರೆ ಕಂಬಗಳ ಸಂದಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವ ಕಟ್ಟೆ, ಮಾಡಿದೆವು. ಗ್ರಾಮಸಭೆಯಲ್ಲಿ ಕೊಟ್ಟ ಅರ್ಜಿಯಿಂದ ಹಿಡಿದು ಕೊನೆಯ ಬಿಲ್ಲಿನವರೆಗೆ ನಾನು ಅದರ ಜೊತೆಗಿದ್ದೆ. ಈಗ ಬೇರೆ ಊರುಗಳಿಂದ ಬಂದು ಕೇಳುತ್ತಾರೆ, ಎಲ್ಲಿಂದ ಶುರು ಮಾಡಬೇಕು, ಯಾರನ್ನು ಹಿಡಿಯಬೇಕು ಅಂತ. ಬಾಯಲ್ಲಿ ಹೇಳುವಾಗ ಪ್ರತಿ ಸಲ ಏನಾದರೂ ಬಿಟ್ಟುಹೋಗುತ್ತದೆ. ಹಾಗಾಗಿ ಬರೆದಿಡುತ್ತಿದ್ದೇನೆ.

ನಮ್ಮಲ್ಲಿ ಮಳೆಗೆ ಕೊರತೆ ಇಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ದೊಡ್ಡದು ಚಿಕ್ಕದು ಸೇರಿ 12 ಹೊಳೆಗಳು ಉಂಟು. ಆದರೆ ಮಳೆಯ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನೆಲ ಇಳಿಜಾರು, ಸಮುದ್ರ ದೂರವಿಲ್ಲ. ಮುರಕಲ್ಲಿನ ಗುಡ್ಡ ನೀರನ್ನು ಬೇಗ ಹೀರುತ್ತದೆ, ಬೇಗ ಬಿಟ್ಟುಕೊಡುತ್ತದೆ. ಫೆಬ್ರವರಿ ಕಳೆಯುವಷ್ಟರಲ್ಲಿ ತೋಡಿನ ಕಲ್ಲು ಕಾಣುತ್ತದೆ. ಅಡಿಕೆ ಮರಕ್ಕೆ ನೀರು ಜಾಸ್ತಿ ಬೇಕಾಗುವುದು ಸರಿಯಾಗಿ ಆಗಲೇ.

ಇದಕ್ಕೆ ಹಿರಿಯರು ಕಂಡುಕೊಂಡಿದ್ದು ಎರಡು ದಾರಿ. ಒಂದು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗ. ಇನ್ನೊಂದು ತೋಡಿಗೆ ಹಾಕುವ ಕಟ್ಟ. ಮಳೆ ನಿಂತು ಹರಿವು ಕಡಿಮೆಯಾದ ಮೇಲೆ, ಡಿಸೆಂಬರ್ ಸುಮಾರಿಗೆ, ಕಲ್ಲು, ಜೇಡಿಮಣ್ಣು, ಅಡಿಕೆ ಮರದ ದಿಮ್ಮಿ, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುವುದು. ಒಂದು ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡಕ್ಕೆ ತಲುಪಬೇಕು, ಅದು ಲೆಕ್ಕ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಹೀಗೆ ಸಾಲಾಗಿ ಕಟ್ಟಗಳನ್ನು ಕಟ್ಟುವ ಪದ್ಧತಿ ಪ್ರಸಿದ್ಧ. ನಮ್ಮ ತೋಡಿನಲ್ಲೂ ಒಂದು ಕಾಲದಲ್ಲಿ ಸಾಲು ಕಟ್ಟ ಇತ್ತು. ತೋಡಿನಲ್ಲಿ ನಿಂತ ನೀರು ತೋಟಕ್ಕೆ ಮಾತ್ರ ಅಲ್ಲ, ಪಕ್ಕದ ಬಾವಿಗೂ ಸುರಂಗಕ್ಕೂ ಬರುತ್ತದೆ. ತೋಟವೇ ಇಲ್ಲದ ಮನೆಯವರಿಗೂ ಅದರ ಪಾಲು ಸಿಗುತ್ತದೆ.

ಆಮೇಲೆ ಬೋರ್‌ವೆಲ್ ಬಂತು. ಕೂಲಿಯಾಳು ಸಿಗದಾಯಿತು. ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಅಂತ ಹೋದರು. ಪ್ರತಿ ವರ್ಷ ಕಟ್ಟಿ, ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಗುವ ಕೆಲಸಕ್ಕೆ ಯಾರು ನಿಲ್ಲುತ್ತಾರೆ? ಒಂದೊಂದೇ ಕಟ್ಟ ನಿಂತುಹೋಯಿತು. ಬೋರ್‌ವೆಲ್ ಆಳಕ್ಕೆ, ಇನ್ನೂ ಆಳಕ್ಕೆ ಹೋಯಿತು. ಕೇಂದ್ರ ಅಂತರ್ಜಲ ಮಂಡಳಿ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕನ್ನು ‘ಕ್ರಿಟಿಕಲ್’, ಅಂದರೆ ಅಂತರ್ಜಲ ಅಪಾಯದ ಅಂಚಿಗೆ ಬಂದ, ಪಟ್ಟಿಯಲ್ಲಿ ಇಟ್ಟಿತ್ತು. ನಮಗೆ ಆ ಪಟ್ಟಿ ನೋಡಬೇಕೆಂದಿರಲಿಲ್ಲ. ಏಪ್ರಿಲ್‌ನಲ್ಲಿ ಬಾವಿಗೆ ಕೊಡ ಇಳಿಸಿದರೆ ಗೊತ್ತಾಗುತ್ತಿತ್ತು.

ಊರಿನ ನಾಲ್ಕು ಮಂದಿ ಕೂತು ಮಾತಾಡಿದೆವು. ಪ್ರತಿವರ್ಷ ಕಟ್ಟ ಕಟ್ಟುವ ಶಕ್ತಿ ನಮಗಿಲ್ಲ. ಕಾಂಕ್ರೀಟಿನ ಕಂಬಗಳು ಇದ್ದು, ಹಲಗೆ ಮಾತ್ರ ಹಾಕಿ ತೆಗೆಯುವ ಹಾಗಿದ್ದರೆ ಆದೀತು. ಅದಕ್ಕೆ ಪಂಚಾಯತ್ ಬೇಕು.

ಕೇರಳದಲ್ಲಿ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ. 1994ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೆ ಒಮ್ಮೆಯಾದರೂ ಅದನ್ನು ಕರೆಯಬೇಕು. ವಾರ್ಡ್ ಮೆಂಬರೇ ಕನ್ವೀನರ್. ಮತದಾರರಲ್ಲಿ ನೂರಕ್ಕೆ 10 ಮಂದಿ ಸೇರಿದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ ಆಯಿತು. 1996ರ ಆಗಸ್ಟ್ 17ಕ್ಕೆ ಜನಕೀಯ ಯೋಜನೆ, ಅಂದರೆ ಜನರೇ ಕೂತು ಯೋಜನೆ ಮಾಡುವ ಕ್ರಮ, ಶುರುವಾದಾಗ, ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40 ಪಾಲು ಸ್ಥಳೀಯ ಸಂಸ್ಥೆಗಳ ಮೂಲಕ ಖರ್ಚಾಗಬೇಕು ಎಂದು ತೀರ್ಮಾನವಾಯಿತು. ಅಂದರೆ ದುಡ್ಡು ತಿರುವನಂತಪುರದಲ್ಲಿ ಮಾತ್ರ ಕೂತಿರುವುದಿಲ್ಲ. ನಮ್ಮ ಪಂಚಾಯತ್ ಕಚೇರಿಯವರೆಗೆ ಬರುತ್ತದೆ. ಅದನ್ನು ಯಾವುದಕ್ಕೆ ಹಾಕಬೇಕು ಎಂದು ಕೇಳುವ ಹಕ್ಕು ಗ್ರಾಮಸಭೆಗೆ ಹೋದವನಿಗೆ ಉಂಟು. ಹೋಗದವನಿಗೆ ಆಮೇಲೆ ಬೈಯುವುದು ಮಾತ್ರ ಉಳಿಯುತ್ತದೆ. ಇದನ್ನು ನಾನು ತುಂಬ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡೆ ತೋಟ ಇರುವ ಗಂಡಸರು ಗ್ರಾಮಸಭೆಗೆ ಹೋಗುವುದೇ ಕಡಿಮೆ. ‘ಅದು ಮನೆ, ಆಡು, ಕೋಳಿ ಕೊಡುವ ಸಭೆ’ ಅಂತ ಒಂದು ಭಾವನೆ. ಅಲ್ಲಿ ಬಂದು ಕೂರುವವರು ಕುಟುಂಬಶ್ರೀ ಎಂಬ ಸ್ವಸಹಾಯ ಸಂಘದ ಹೆಂಗಸರು, ಉದ್ಯೋಗ ಖಾತರಿಗೆ ಹೋಗುವ ಹೆಂಗಸರು. ಕೋರಂ ಆಗುವುದೇ ಅವರಿಂದ.

ಹಾಗಾಗಿ ನಾವು ಮೊದಲು ಮಾತಾಡಿದ್ದು ಅವರ ಜೊತೆ. ಕುಟುಂಬಶ್ರೀಯ ವಾರದ ಕೂಟಕ್ಕೆ ಹೋಗಿ ಹೇಳಿದೆವು. ಅಲ್ಲಿ ಒಬ್ಬ ಅಕ್ಕ ಕೇಳಿದರು.

“ನಿಮ್ಮ ತೋಟಕ್ಕೆ ನೀರು ಬಂದರೆ ನಮಗೆಂತ ಲಾಭ ಅಣ್ಣ?”

ಪ್ರಶ್ನೆ ಸರಿಯಾಗಿಯೇ ಇತ್ತು. ಬಾವಿಯ ವಿಷಯ ಹೇಳಿದೆವು. ಅವರು ತಲೆಯಾಡಿಸಿದರು, ಆದರೆ ಪೂರ್ತಿ ಒಪ್ಪಲಿಲ್ಲ. ಮತ್ತೆ ಅವರೇ ಒಂದು ಮಾತು ತೆಗೆದರು. ಆಚೆ ದಡದ ಮನೆಗಳ ಮಕ್ಕಳು ಮಳೆಗಾಲದಲ್ಲಿ ಶಾಲೆಗೆ ಬರಲು ಅಡಿಕೆ ಮರ ಅಡ್ಡ ಹಾಕಿದ ಪಾಲದ ಮೇಲೆ ದಾಟಬೇಕು. ನೀರು ಜಾಸ್ತಿಯಾದರೆ ಮನೆಯಲ್ಲೇ ಇರಬೇಕು. “ಕಂಬ ಹಾಕುತ್ತೀರಲ್ಲ, ಅದರ ಮೇಲೆ ನಡೆಯಲಿಕ್ಕೆ ಆಗುವ ಹಾಗೆ ಮಾಡಿಸಿ. ಮತ್ತೆ ನಾವೆಲ್ಲ ಕೈ ಎತ್ತುತ್ತೇವೆ.”

ನಮ್ಮ ಯೋಜನೆಯ ಗತಿ ಬದಲಾಗಿದ್ದು ಅಲ್ಲಿ. ಬರೇ ಅಣೆಕಟ್ಟು ಆಗಿದ್ದರೆ ಅದು ಹತ್ತು ತೋಟಗಾರರ ಬೇಡಿಕೆ. ಮೇಲೆ ಕಾಲುಸೇತುವೆ ಬಂದ ಕೂಡಲೇ ಅದು ಊರಿನ ಬೇಡಿಕೆಯಾಯಿತು. ಇಂಥ ಅಣೆಕಟ್ಟು ಸೇತುವೆಗಳು ಜಿಲ್ಲೆಯಲ್ಲಿ ಬೇರೆ ಕಡೆಯೂ ಇವೆ. ಎಂಜಿನಿಯರಿಗೆ ಹೊಸದಲ್ಲ. ಆದರೆ ನಮ್ಮ ತಲೆಗೆ ಬಂದಿರಲಿಲ್ಲ. ಆ ಅಕ್ಕ ಹೇಳಿದ್ದು.

14ನೇ ಪಂಚವಾರ್ಷಿಕ ಯೋಜನೆಗೆ ಅಂತ 2022ರಲ್ಲಿ ಗ್ರಾಮಸಭೆ ಕರೆದಾಗ ಶಾಲೆಯ ಹಾಲ್ ತುಂಬಿತ್ತು. ಕೃಷಿ, ಕುಡಿಯುವ ನೀರು, ರಸ್ತೆ, ಹೀಗೆ ವಿಷಯದ ಪ್ರಕಾರ ಗುಂಪು ಮಾಡಿ ಕೂರಿಸಿದರು. ರಸ್ತೆಯ ಗುಂಪು ಯಾವಾಗಲೂ ದೊಡ್ಡದು. ಪ್ರತಿಯೊಬ್ಬರಿಗೂ ಅವರ ಮನೆಯ ರಸ್ತೆಗೆ ಕಾಂಕ್ರೀಟು ಬೇಕು. ತಪ್ಪಲ್ಲ, ಬೇಕಾದದ್ದೇ. ಆದರೆ ವಾರ್ಡಿಗೆ ಇಷ್ಟು ಅಂತ ಹಣ ಹಂಚಿ, ಅದನ್ನು ಮತ್ತೆ ಐವತ್ತು ಮೀಟರ್, ನೂರು ಮೀಟರ್ ರಸ್ತೆಯಾಗಿ ತುಂಡು ಮಾಡಿದರೆ ದೊಡ್ಡ ಕೆಲಸ ಯಾವುದೂ ಆಗುವುದಿಲ್ಲ. ನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲವಲ್ಲ. ನಮ್ಮ ತೋಡಿನ ಬಲದಂಡೆ ಒಂದು ವಾರ್ಡ್, ಎಡದಂಡೆ ಇನ್ನೊಂದು. ಎರಡೂ ಗ್ರಾಮಸಭೆಗಳಲ್ಲಿ ಬೇಡಿಕೆ ಮಂಡಿಸಿದೆವು. ಇಬ್ಬರು ಮೆಂಬರುಗಳು ಬೇರೆ ಬೇರೆ ಪಕ್ಷದವರು. ಇಬ್ಬರನ್ನೂ ಒಂದೇ ದಿನ ತೋಡಿನ ಬದಿಗೆ ಕರೆದುಕೊಂಡು ಹೋಗಿ ಜಾಗ ತೋರಿಸಿದೆವು. ಇದನ್ನು ಬೇರೆ ಊರಿನವರು ಮಾಡಲೇಬೇಕು. ಒಬ್ಬರ ಯೋಜನೆ ಅಂತ ಹೆಸರು ಬಿದ್ದರೆ ಇನ್ನೊಬ್ಬರು ಪಂಚಾಯತ್ ಸಭೆಯಲ್ಲಿ ಸುಮ್ನೆ ಕೂರುತ್ತಾರೆ.

ಭಾಷೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗ್ರಾಮಸಭೆಯಲ್ಲಿ ಹಂಚಿದ ಕಾಗದ ಪೂರ್ತಿ ಮಲಯಾಳದಲ್ಲಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಮಲಯಾಳ ಮಾತಾಡಲು ಬರುತ್ತದೆ. ಓದಲು ಬರುವವರು ಕಡಿಮೆ. ಹಿರಿಯರಲ್ಲಂತೂ ಇಲ್ಲವೇ ಇಲ್ಲ. ತುಳು, ಹವ್ಯಕ, ಮರಾಠಿ ಮಾತಾಡುವ ಮನೆಗಳಿಗೆಲ್ಲ ಓದುವ ಭಾಷೆ ಕನ್ನಡ. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲೇ ಸರಕಾರದ ಜೊತೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ನಮ್ಮ ಮಾಷ್ಟ್ರು, ನಿವೃತ್ತ ಅಧ್ಯಾಪಕರು, ಅದನ್ನು ಸಭೆಯಲ್ಲಿ ಎದ್ದು ಹೇಳಿದರು. ಜಗಳ ಮಾಡಲಿಲ್ಲ. ಕನ್ನಡದಲ್ಲಿ ಅರ್ಜಿ ಕೊಟ್ಟರು, ಸ್ವೀಕರಿಸಿದ ರಶೀದಿ ಕೇಳಿದರು, ಮಿನಿಟ್ಸ್‌ನಲ್ಲಿ ನಮ್ಮ ಬೇಡಿಕೆ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿಸಿದರು. ಅದು ಮುಖ್ಯ. ಯಾಕೆಂದರೆ ಓದಿಸಿದಾಗ ‘ತೋಡಿನ ಬದಿ ಕಟ್ಟುವುದು’ ಅಂತ ಮಾತ್ರ ಇತ್ತು. ತೋಡಿಗೆ ಅಣೆಕಟ್ಟು ಕಟ್ಟುವುದಕ್ಕೂ ತೋಡಿನ ಬದಿಗೆ ಕಲ್ಲು ಕಟ್ಟುವುದಕ್ಕೂ ಎಷ್ಟು ವ್ಯತ್ಯಾಸ! ಅಲ್ಲೇ ತಿದ್ದಿಸಿದೆವು. ತಿದ್ದದೇ ಇದ್ದಿದ್ದರೆ ಆಮೇಲೆ ‘ಗ್ರಾಮಸಭೆ ಕೇಳಿದ್ದು ಇದೇ’ ಎಂದು ಯಾರಾದರೂ ಕಾಗದ ತೋರಿಸಬಹುದಿತ್ತು.

ಗ್ರಾಮಸಭೆ ಮುಗಿದ ಮೇಲೆ ಕಾಗದ ಹೋಗುವ ದಾರಿ ಉದ್ದ. ವರ್ಕಿಂಗ್ ಗ್ರೂಪ್, ಅಭಿವೃದ್ಧಿ ವಿಚಾರಗೋಷ್ಠಿ, ಪಂಚಾಯತ್ ಆಡಳಿತ ಸಮಿತಿ, ಅಲ್ಲಿಂದ ‘ಸುಲೇಖ’ ಎಂಬ ಸಾಫ್ಟ್‌ವೇರಿಗೆ ಏರಿಸಿ ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರ, ಮತ್ತೆ ಎಂಜಿನಿಯರಿಂದ ತಾಂತ್ರಿಕ ಮಂಜೂರಾತಿ. ಮೊತ್ತ ದೊಡ್ಡದಾದ್ದರಿಂದ ಬ್ಲಾಕ್ ಪಂಚಾಯತ್ ಕೂಡ ಪಾಲು ಹಾಕಿ ಸಂಯುಕ್ತ ಯೋಜನೆ ಮಾಡುವುದು ಎಂದಾಯಿತು. ಇದರಲ್ಲಿ ಊರವರಿಗೆ ಮಾಡಲು ಹೆಚ್ಚು ಕೆಲಸವಿಲ್ಲ. ವರ್ಕಿಂಗ್ ಗ್ರೂಪಿನಲ್ಲಿ ಊರಿನ ಒಬ್ಬರಾದರೂ ಇರುವ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು.

ನಿಜವಾದ ಚರ್ಚೆ ಆದದ್ದು ಜಾಗದ ಬಗ್ಗೆ. ಅಳತೆಗೆ ಬಂದ ಓವರ್ಸಿಯರ್ ದಕ್ಷಿಣದ ಜಿಲ್ಲೆಯವರು. ಶ್ರದ್ಧೆಯ ಮನುಷ್ಯ. ರಸ್ತೆಗೆ ಹತ್ತಿರ, ಲಾರಿ ಬರುವಲ್ಲಿ ಕಟ್ಟಬೇಕು ಎಂದು ಅವರ ಲೆಕ್ಕ. ಸಾಮಾನು ಹೊರುವ ಖರ್ಚು ಉಳಿಯುತ್ತದೆ. ನಮ್ಮ ಹಳೆಯ ಕಟ್ಟದ ಜಾಗ ಅಲ್ಲಿಂದ ಮೇಲೆ, ತೋಟದ ಒಳಗೆ. ಪ್ರತಿವರ್ಷ ಕಟ್ಟ ಕಟ್ಟಿಸುತ್ತಿದ್ದ ಅಜ್ಜ ಒಬ್ಬರನ್ನು ಕರೆದುಕೊಂಡು ಬಂದೆವು. ಅವರು ಕೋಲಿನಲ್ಲಿ ಮಣ್ಣು ಕುತ್ತಿ ತೋರಿಸಿದರು.

“ಇಲ್ಲಿ ಅಡಿಯಲ್ಲಿ ಪಾದೆ ಉಂಟು ಸಾರ್. ನೀವು ಹೇಳುವಲ್ಲಿ ಹೊಯಿಗೆ. ನೀರು ಮೇಲೆ ನಿಂತ ಹಾಗೆ ಕಾಣುತ್ತದೆ, ಅಡಿಯಿಂದ ಹೋಗುತ್ತದೆ. ದರೆ ಎರಡೂ ಬದಿ ಎತ್ತರ ಇರುವುದೂ ಇಲ್ಲೇ. ಅಲ್ಲಿ ನೀರು ನಿಂತರೆ ತೋಟಕ್ಕೆ ನುಗ್ಗೀತು.”

ನಾನು ಮಲಯಾಳದಲ್ಲಿ ಹೇಳಿದೆ. ಓವರ್ಸಿಯರ್ ಗುಂಡಿ ತೆಗೆಸಿ ನೋಡಿದರು. ಕೆಳಗಿನ ಜಾಗದಲ್ಲಿ ಆಳಕ್ಕೆ ಹೋದರೂ ಹೊಯಿಗೆಯೇ, ಬರೀ ಮರಳು. ಮೇಲೆ ಸ್ವಲ್ಪ ಅಗೆದಾಗಲೇ ಬಂಡೆ ಸಿಕ್ಕಿತು. ಅಸಿಸ್ಟೆಂಟ್ ಎಂಜಿನಿಯರನ್ನು ಕರೆಸಿ ಅವರೇ ಒಪ್ಪಿಸಿದರು. ಬಂಡೆಯ ಮೇಲೆ ಕೂರುವ ಕಾರಣ ಅಡಿಪಾಯದ ಖರ್ಚು ಕಡಿಮೆಯಾಗಿ, ಸಾಮಾನು ಹೊರುವ ಖರ್ಚಿಗೆ ಸರಿಹೋಯಿತು. ಅಜ್ಜನ ತಿಳಿವಳಿಕೆಯನ್ನು ಎಂಜಿನಿಯರ್ ಲೆಕ್ಕಕ್ಕೆ ತೆಗೆದುಕೊಂಡ ಆ ದಿನ ನನಗೆ ತುಂಬ ಸಂತೋಷವಾಗಿತ್ತು. ಸರಕಾರದ ಪಾಲುದಾರಿಕೆ ಎನ್ನುವುದು ನಾನು ಕಣ್ಣಾರೆ ಕಂಡದ್ದು ಅಲ್ಲಿ.

ಒಪ್ಪಿಗೆ ಪತ್ರ ಮಾತ್ರ ನಮ್ಮನ್ನು ಸಾಕಷ್ಟು ಓಡಾಡಿಸಿತು. ತೋಡು ಪುರಂಬೋಕು, ಸರಕಾರದ್ದು. ಆದರೆ ಕಂಬದ ರೆಕ್ಕೆಗೋಡೆ (ದಡಕ್ಕೆ ತಾಗಿದ ಬದಿಗೋಡೆ), ಸೇತುವೆಗೆ ಹೋಗುವ ದಾರಿ ಖಾಸಗಿ ತೋಟದ ಮೇಲೆ ಬರುತ್ತದೆ. ಆ ಜಾಗದ ಯಜಮಾನರು ಮುದ್ರಾಪತ್ರದಲ್ಲಿ ಬರೆದುಕೊಡಬೇಕು, ಭೂತೆರಿಗೆ ರಶೀದಿ ಇಡಬೇಕು. ಒಂದು ತುಂಡು ಜಾಗದ ಹಕ್ಕುದಾರರು ನಾಲ್ವರು ಅಣ್ಣತಮ್ಮಂದಿರು. ಒಬ್ಬರ ಮನೆ ಗಡಿಯಾಚೆ, ಪುತ್ತೂರು ತಾಲೂಕಿನಲ್ಲಿ. ಅವರು ಅಲ್ಲಿಯೇ ಕರ್ನಾಟಕದ ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸಿದರು. ಇಲ್ಲಿ ಅದನ್ನು ತೆಗೆದುಕೊಳ್ಳಲಿಲ್ಲ. ಜಾಗ ಕೇರಳದ್ದು, ಮುದ್ರಾಪತ್ರವೂ ಕೇರಳದ್ದೇ ಆಗಬೇಕು. ಮತ್ತೆ ಅವರನ್ನು ಬರಲು ಹೇಳಿ ಮಾಡಿಸಿದೆವು. ಗಡಿ ಊರಿನಲ್ಲಿ ಇರುವವರು ಇದನ್ನು ಮೊದಲೇ ನೋಡಿಕೊಳ್ಳಿ. ತೋಟ ಒಂದು ರಾಜ್ಯ, ಮನೆ ಇನ್ನೊಂದು ರಾಜ್ಯ ಆಗಿರುವ ಸಂಸಾರಗಳು ನಮ್ಮಲ್ಲಿ ಬೇಕಾದಷ್ಟು ಉಂಟು.

ಟೆಂಡರ್ ಕರೆದರು. ಯಾರೂ ಬರಲಿಲ್ಲ. ತೋಟದೊಳಗಿನ ಕೆಲಸ, ಬೇಸಿಗೆಯಲ್ಲೇ ಮುಗಿಸಬೇಕು, ಬಿಲ್ಲು ಯಾವಾಗ ಪಾಸಾಗುತ್ತದೋ ಗೊತ್ತಿಲ್ಲ. ಗುತ್ತಿಗೆದಾರರಿಗೆ ಇದು ಬೇಡ. ಹಾಗಾದಾಗ ಇರುವ ಇನ್ನೊಂದು ದಾರಿ ಫಲಾನುಭವಿ ಸಮಿತಿ. ಪ್ರಯೋಜನ ಪಡೆಯುವವರು ಸಭೆ ಸೇರಿ ಸಮಿತಿ ಮಾಡಿ, ಒಬ್ಬರನ್ನು ಕನ್ವೀನರ್ ಆಗಿ ಆರಿಸುವುದು. ಆ ಕನ್ವೀನರ್ ಪಂಚಾಯತ್ ಜೊತೆ ಕರಾರಿಗೆ ಸಹಿ ಹಾಕಿ ಕೆಲಸ ಮಾಡಿಸುವುದು. ನಮ್ಮಲ್ಲಿ ಮಾಷ್ಟ್ರು ಕನ್ವೀನರ್ ಆದರು. ನಾನು ಲೆಕ್ಕ ನೋಡಿಕೊಂಡೆ. ಆ ಕುಟುಂಬಶ್ರೀ ಅಕ್ಕನೂ ಸಮಿತಿಯಲ್ಲಿ.

ಸಮಿತಿಯ ಕೆಲಸದಲ್ಲಿ ಲಾಭವೂ ಉಂಟು, ಕಷ್ಟವೂ ಉಂಟು. ಲಾಭ ಏನೆಂದರೆ, ಸಿಮೆಂಟು ಎಷ್ಟು ಬಿತ್ತು, ಕಂಬಿ ಯಾವುದು ಬಂತು ಎಂದು ಪ್ರತಿಯೊಬ್ಬರೂ ನೋಡುತ್ತಾರೆ. ಕಾಂಕ್ರೀಟಿಗೆ ನೀರು ಹಾಕುವುದನ್ನು ಯಾರೂ ಹೇಳಬೇಕಾಗಿರಲಿಲ್ಲ. ದಡದ ಮನೆಯವರು ಬೆಳಿಗ್ಗೆ ಸಂಜೆ ಹಾಕಿದರು. ಎಡಬದಿಯ ರೆಕ್ಕೆಗೋಡೆ ನಕ್ಷೆಯಲ್ಲಿ ಗಿಡ್ಡ ಇತ್ತು. ಮಳೆಗಾಲದ ನೀರು ಅದರ ಬದಿಯಿಂದ ಸುತ್ತಿ ಹೋಗಿ ದರೆ, ಅಂದರೆ ದಡದ ಮಣ್ಣು, ಕೊರೆಯುತ್ತದೆ ಎಂದು ನಮಗೆ ಗೊತ್ತು. ಹೇಳಿದಾಗ ನಕ್ಷೆ ತಿದ್ದಿ ಕೊಟ್ಟರು. ಗುತ್ತಿಗೆ ಕೆಲಸವಾಗಿದ್ದರೆ ಇದನ್ನೆಲ್ಲ ಹೇಳಲು ನಾವು ಯಾರು?

ಕಷ್ಟ ಎಂದರೆ ದುಡ್ಡು. ಪಂಚಾಯತ್ ಕೊಡುವುದು ಅಳತೆಯಾದ ಮೇಲೆ. ಕೆಲಸ ನಡೆಯಬೇಕಾದರೆ ಮೊದಲು ಕೈಯಿಂದ ಹಾಕಬೇಕು. ಅಂಗಡಿಯವರು ಸಿಮೆಂಟು ಕಂಬಿ ಸಾಲಕ್ಕೆ ಕೊಟ್ಟರು, ಮಾಷ್ಟ್ರ ಮುಖ ನೋಡಿ. ಕೂಲಿ ಸಾಲಕ್ಕೆ ಆಗುವುದಿಲ್ಲ. ತೋಟ ಇರುವವರೆಲ್ಲ ಕ್ಯಾಂಪ್ಕೋಗೆ ಅಡಿಕೆ ಕೊಟ್ಟಾಗ ಬಂದ ಹಣದಲ್ಲಿ ಒಂದಿಷ್ಟು ತಂದು ಸಮಿತಿಗೆ ಕೊಟ್ಟರು. ಎಲ್ಲದಕ್ಕೂ ರಶೀದಿ ಕೊಟ್ಟೆ. ಬಿಲ್ಲು ಬಂದ ಮೇಲೆ ಹಿಂದೆ ಕೊಡುವುದೆಂದು ಮಾತು.

ಕೆಲಸ ಅರ್ಧ ಆಗುವಾಗ ನಮ್ಮ ಓವರ್ಸಿಯರಿಗೆ ವರ್ಗವಾಯಿತು. ಅವರ ಊರಿಗೆ ಹತ್ತಿರ ಸಿಕ್ಕಿತು, ಹೋದರು. ಬೇಡ ಎನ್ನುವ ಹಾಗಿಲ್ಲ. ಆದರೆ ಆ ಹುದ್ದೆ ಖಾಲಿ ಬಿತ್ತು. ಅಳತೆ ಪುಸ್ತಕದಲ್ಲಿ ಬರೆಯಲು ಜನವಿಲ್ಲ. ಬರೆಯದೆ ಬಿಲ್ಲು ಇಲ್ಲ. ಪಕ್ಕದ ಪಂಚಾಯತಿನವರಿಗೆ ಚಾರ್ಜ್ ಕೊಟ್ಟರು, ಅವರಿಗೆ ಅವರದೇ ಕೆಲಸ ಮುಗಿಯುವುದಿಲ್ಲ. ಕಾಸರಗೋಡು ಜಿಲ್ಲೆಯ ಹಳೆಯ ರೋಗ ಇದು. 1984ರಲ್ಲಿ ಜಿಲ್ಲೆಯಾದ ದಿನದಿಂದ ಈ ಮೂಲೆಗೆ ಬಂದವರು ಹಿಂದೆ ಹೋಗುವ ದಾರಿ ನೋಡುತ್ತಲೇ ಇರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಭಾಷೆ ಗೊತ್ತಿಲ್ಲದ ಊರು, ಮನೆಯಿಂದ ಒಂದು ರಾತ್ರಿಯ ರೈಲು ದೂರ. ಆದರೆ ಖಾಲಿ ಹುದ್ದೆಯ ಭಾರ ಹೊರುವವರು ನಾವು. ಇಲ್ಲಿಯ ಮಕ್ಕಳು ಆ ಪರೀಕ್ಷೆಗಳನ್ನು ಬರೆದು ಆ ಹುದ್ದೆಗಳಿಗೆ ಬರುವ ತನಕ ಇದು ಸರಿಹೋಗುವುದಿಲ್ಲ ಎಂದು ನನಗೆ ಅನಿಸುತ್ತದೆ.

ಮಾರ್ಚ್ 31 ಹತ್ತಿರ ಬಂತು. ಎಲ್ಲ ಪಂಚಾಯತುಗಳ ಬಿಲ್ಲೂ ಟ್ರೆಷರಿಯಲ್ಲಿ ಸಾಲು ನಿಲ್ಲುವ ಸಮಯ. ನಮ್ಮ ಬಿಲ್ಲಿನ ಒಂದು ಭಾಗ ಪಾಸಾಯಿತು. ಉಳಿದದ್ದು ಮುಂದಿನ ವರ್ಷಕ್ಕೆ ಸ್ಪಿಲ್ ಓವರ್. ಅಂದರೆ ಅದೇ ಯೋಜನೆಯನ್ನು ಹೊಸ ವರ್ಷದ ಪಟ್ಟಿಯಲ್ಲಿ ಮತ್ತೆ ಸೇರಿಸಬೇಕು. ಸೇರಿಸಿದರೋ ಇಲ್ಲವೋ ಎಂದು ನಾವೇ ಹೋಗಿ ನೋಡಿದೆವು. ಕೊನೆಯ ಕಂತು ಬರುವಾಗ ಮಳೆಗಾಲ ಮುಗಿದಿತ್ತು. ಅಷ್ಟು ದಿನ ಮಾಷ್ಟ್ರು ಅಂಗಡಿಯವರ ಮುಂದೆ ತಲೆ ತಗ್ಗಿಸಿ ನಡೆದರು. ನನಗೆ ತುಂಬ ಬೇಸರವಾದ ಸಂಗತಿ ಇದೊಂದು. ಸಮಿತಿಯ ಮೇಲೆ ನಂಬಿಕೆ ಇಟ್ಟು ಕೆಲಸ ಕೊಟ್ಟ ಮೇಲೆ, ಮೊದಲೇ ಸ್ವಲ್ಪ ಮುಂಗಡ ಕೈಗೆ ಬರಬೇಕು. ಕನ್ವೀನರನ ಸ್ವಂತ ಮಾನವನ್ನು ಅಡವಿಟ್ಟು ಸರಕಾರದ ಕೆಲಸ ನಡೆಯಬಾರದು.

ಕಂಬಗಳು ಎದ್ದವು, ಮೇಲೆ ಕಾಲುಸೇತುವೆ ಆಯಿತು. ಜೂನ್‌ನಲ್ಲಿ ಮಕ್ಕಳು ಅದರ ಮೇಲೆ ಕೊಡೆ ಹಿಡಿದು ದಾಟಿದರು. ಪಂಚಾಯತ್ ತನ್ನ ಆಸ್ತಿ ರಿಜಿಸ್ಟರಿನಲ್ಲಿ ಬರೆದುಕೊಂಡಿತು. ಕಾಗದದ ಮೇಲೆ ಯೋಜನೆ ಮುಗಿಯಿತು.

ಆದರೆ ಕಿಂಡಿ ಅಣೆಕಟ್ಟು ನೀರು ನಿಲ್ಲಿಸುವುದು ಕಂಬದಿಂದಲ್ಲ, ಹಲಗೆಯಿಂದ. ಕಂಬಗಳ ಸಂದಿನಲ್ಲಿ ಎರಡು ಸಾಲು ಹಲಗೆ ಇಳಿಸಬೇಕು. ನಡುವೆ ಅಂಟುಮಣ್ಣು ತುಂಬಿ ಮೆಟ್ಟಬೇಕು. ಮಣ್ಣಿನಲ್ಲಿ ಬೇರು, ಎಲೆ ಸೇರಿದ್ದರೆ ಅಲ್ಲೇ ನೀರು ಜಿನುಗಲು ಶುರು. ಬೇಗ ಹಾಕಿದರೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆಗೆ ನೀರು ಏರಿ ತೋಟಕ್ಕೆ ನುಗ್ಗುತ್ತದೆ. ತಡ ಮಾಡಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ನಾವು ತುಳಸಿ ಪೂಜೆ ಕಳೆದು ಆಕಾಶ ನೋಡಿ ಹಾಕುತ್ತೇವೆ. ತೆಗೆಯುವುದು ಮೇ ಕೊನೆಗೆ ಬರುವ ಪತ್ತನಾಜೆಗೆ. ಆಟ, ಕೋಲ ಎಲ್ಲ ಮುಗಿಯುವ ಆ ದಿನದ ಮೇಲೆ ಮಳೆಯನ್ನು ನಂಬುವ ಹಾಗಿಲ್ಲ. ತೆಗೆಯದೆ ಬಿಟ್ಟರೆ ಮೊದಲ ನೆರೆಗೆ ಕಸ, ಮರದ ಗೆಲ್ಲು ಬಂದು ಹಲಗೆಗೆ ತಡೆದು, ನೀರು ದರೆ ಒಡೆದುಕೊಂಡು ಹೋಗುತ್ತದೆ. ತೆಗೆದ ಹಲಗೆಯನ್ನು ತೊಳೆದು, ನೆರಳಲ್ಲಿ ಒಣಗಿಸಿ, ಗೆದ್ದಲು ಹಿಡಿಯದ ಹಾಗೆ ಇಡಬೇಕು.

ಇದು ಯಾವುದೂ ಎಸ್ಟಿಮೇಟಿನಲ್ಲಿ ಇಲ್ಲ. ಹಲಗೆಗೆ ಒಂದು ಸಲ ದುಡ್ಡು ಉಂಟು. ಅದನ್ನು ಹಾಕುವ ಕೂಲಿ ಇಲ್ಲ, ತೆಗೆಯುವ ಕೂಲಿ ಇಲ್ಲ, ಇಡುವ ಜಾಗ ಇಲ್ಲ. ನಮ್ಮ ಕಡೆ ತಿರುಗಾಡಿದರೆ ಎಷ್ಟೋ ಕಿಂಡಿ ಅಣೆಕಟ್ಟುಗಳು ಬೇಸಿಗೆಯಲ್ಲಿ ಬರಿಗಂಬವಾಗಿ ನಿಂತಿರುವುದು ಕಾಣುತ್ತದೆ. ಕಾಂಕ್ರೀಟು ಗಟ್ಟಿಯಾಗಿಯೇ ಉಂಟು. ಹಲಗೆ ಹಾಕುವವರಿಲ್ಲ. ಪಂಚಾಯತ್ ‘ಊರವರು ಹಾಕಲಿ’ ಎನ್ನುತ್ತದೆ. ಊರವರು ‘ಪಂಚಾಯತಿನದ್ದಲ್ವಾ, ಅವರೇ ಹಾಕಲಿ’ ಎನ್ನುತ್ತಾರೆ. ಲಕ್ಷಗಟ್ಟಲೆ ಹಾಕಿ ಕಟ್ಟಿದ್ದು ಎರಡು ದಿನದ ಆಳು ಸಿಗದೆ ವ್ಯರ್ಥವಾಗುತ್ತದೆ. ಇದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಉದ್ಯೋಗ ಖಾತರಿಯಲ್ಲಿ ಮಾಡಿಸಲು ಕೇಳಿದೆವು. ಆ ಯೋಜನೆಯಲ್ಲಿ ಬಾಳಿಕೆ ಬರುವ ಆಸ್ತಿಗೆ ಒತ್ತು ಇತ್ತು. ಪ್ರತಿವರ್ಷ ಅದೇ ಹಲಗೆ ಹಾಕುವ ತೆಗೆಯುವ ಕೆಲಸವನ್ನು ಬರೆಯಲು ಆಗುವುದಿಲ್ಲ ಎಂದರು. 2024-25ರಲ್ಲಿ ಕೇರಳದಲ್ಲಿ ಅದರ ಕೂಲಿ ದಿನಕ್ಕೆ 346 ರೂಪಾಯಿ ಇತ್ತು. ತೋಟದ ಕೆಲಸಕ್ಕೆ ನಾವು ಕೊಡುವುದು ಅದರ ಎರಡು ಪಾಲಿಗಿಂತ ಜಾಸ್ತಿ. ಆದರೂ ಆ ಹೆಂಗಸರು ದಡಕ್ಕೆ ಕಲ್ಲು ಕಟ್ಟುವ, ಗುಡ್ಡದಲ್ಲಿ ಇಂಗುಗುಂಡಿ ತೆಗೆಯುವ ಕೆಲಸವನ್ನು ನಮ್ಮ ತೋಡಿನ ಮೇಲ್ಭಾಗದಲ್ಲಿ ಮಾಡಿಕೊಟ್ಟರು. ಹೂಳು ಬಂದು ಕಿಂಡಿ ತುಂಬದಿರಲು ಅದು ದೊಡ್ಡ ಸಹಾಯ.

ಹಲಗೆಯ ಕೆಲಸಕ್ಕೆ ನಾವು ಮಾಡಿಕೊಂಡ ವ್ಯವಸ್ಥೆ ಹೀಗೆ. ಸಮಿತಿಯನ್ನು ಬಿಲ್ಲು ಬಂದ ಮೇಲೆ ಮುಚ್ಚಲಿಲ್ಲ. ಎರಡೂ ದಡದ ಪ್ರತಿ ತೋಟದಿಂದ ಹಾಕುವ ದಿನ ಒಬ್ಬರು, ತೆಗೆಯುವ ದಿನ ಒಬ್ಬರು ಬರಬೇಕು. ಬರಲಾಗದವರು ಆ ದಿನದ ಕೂಲಿ ಕೊಡಬೇಕು. ಬಾವಿಗೆ ನೀರು ಬರುವ ಮನೆಗಳಿಂದ ಕೇಳುವುದಿಲ್ಲ, ಆದರೆ ಅವರು ಊಟಕ್ಕೆ ಬೇಕಾದದ್ದು ಮಾಡುತ್ತಾರೆ. ಹಲಗೆ ಇಡಲು ಒಬ್ಬರ ಅಡಿಕೆ ಕೊಟ್ಟಿಗೆಯ ಅಟ್ಟ ಸಿಕ್ಕಿದೆ. ಮೊದಲ ವರ್ಷ ಕೆಳಗಿನ ತೋಟದವರು ತಕರಾರು ಮಾಡಿದರು. “ನೀವು ಪೂರ್ತಿ ನಿಲ್ಲಿಸಿದರೆ ನಮಗೆಂತ ಬರುತ್ತದೆ ಮಾರಾಯ್ರೆ?” ಅವರು ಹೇಳುವುದು ನ್ಯಾಯ. ಕೂತು ಮಾತಾಡಿ, ನಡುವಿನ ಒಂದು ಕಿಂಡಿಯ ಹಲಗೆಯನ್ನು ಬೇರೆಯವಕ್ಕಿಂತ ತಗ್ಗು ಇಟ್ಟೆವು. ತುಂಬಿದ ಮೇಲೆ ಹೆಚ್ಚಾದದ್ದು ಅದರ ಮೇಲಿಂದ ಹರಿದು ಕೆಳಗೆ ಹೋಗುತ್ತದೆ. ಈಗ ಅವರೂ ಹಲಗೆ ಹಾಕುವ ದಿನ ಬರುತ್ತಾರೆ.

ಪಂಚಾಯತ್ ಜೊತೆಗೂ ಬಿಟ್ಟುಕೊಡಲಿಲ್ಲ. ಪಂಚಾಯತಿಗೆ ಅಭಿವೃದ್ಧಿ ನಿಧಿ ಬೇರೆ, ನಿರ್ವಹಣಾ ನಿಧಿ ಬೇರೆ. ನಿರ್ವಹಣೆಯಲ್ಲಿ ರಸ್ತೆಗೆ ಒಂದು, ರಸ್ತೆಯಲ್ಲದ ಆಸ್ತಿಗೆ ಒಂದು. ಅಣೆಕಟ್ಟು ಅವರ ರಿಜಿಸ್ಟರಿನಲ್ಲಿ ಇದ್ದ ಮೇಲೆ ಅದರ ಹಲಗೆ ಆ ಎರಡನೆಯದರಲ್ಲಿ ಬರಬೇಕಲ್ವಾ? ಇದನ್ನೇ ಗ್ರಾಮಸಭೆಯಲ್ಲಿ ಬರೆಸಿದೆವು. ಮೊದಲು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದರು. ಆಸ್ತಿ ರಿಜಿಸ್ಟರಿನ ಪುಟದ ನಕಲನ್ನು ಅರ್ಜಿಗೆ ಲಗತ್ತಿಸಿ ಕೊಟ್ಟ ಮೇಲೆ ಒಪ್ಪಿದರು. ಹಾಳಾದ ಮರದ ಹಲಗೆಯ ಬದಲು ಫೈಬರಿನದ್ದು ಕೊಡುವುದೆಂದು ತೀರ್ಮಾನ ಮಾಡಿದ್ದಾರೆ. ಜಿಲ್ಲೆಯ ಬೇರೆ ಕೆಲವು ಅಣೆಕಟ್ಟುಗಳಿಗೆ ಅದನ್ನು ಹಾಕಿದ್ದಾರೆ. ಹಗುರ, ಗೆದ್ದಲು ಹಿಡಿಯುವುದಿಲ್ಲ, ಹೆಂಗಸರೂ ಎತ್ತಿ ಇಳಿಸಬಹುದು. ನಮ್ಮಲ್ಲಿ ವಯಸ್ಸಾದವರೇ ಜಾಸ್ತಿ ಇರುವುದರಿಂದ ಅದು ದೊಡ್ಡ ಅನುಕೂಲ.

ನೀರು ಎಷ್ಟು ಏರಿತು ಎಂದು ಕೇಳುವವರಿಗೆ ನಾನು ಅಳತೆ ಹೇಳುವುದಿಲ್ಲ. ಅಳೆದಿಲ್ಲ. ಆಚೆ ದಡದ ಮನೆಗಳಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು ಬರುತ್ತಿತ್ತು, ಈಗ ಬರಿಸುವುದಿಲ್ಲ. ನಮ್ಮ ಹಿಂದಿನ ಗುಡ್ಡದ ಸುರಂಗದಲ್ಲಿ ಮೇ ತಿಂಗಳಲ್ಲೂ ನೀರು ಉಂಟು. ಎರಡು ತೋಟದವರು ಕೊರೆಸಬೇಕೆಂದಿದ್ದ ಬೋರ್‌ವೆಲ್ ಕೊರೆಸಲಿಲ್ಲ.

2025ರ ಡಿಸೆಂಬರಿನ ಚುನಾವಣೆಯ ಮೇಲೆ ಹೊಸ ಆಡಳಿತ ಸಮಿತಿ ಬಂದಿದೆ. ಹಳೆಯ ಇಬ್ಬರು ಮೆಂಬರುಗಳೂ ಈಗ ಇಲ್ಲ. ಹೊಸಬರನ್ನು ಕರೆದು ತೋಡು ತೋರಿಸಿದ್ದೇವೆ. ಕೆಳಗಿನ ತೋಟದವರು ಅವರ ಹಳೆಯ ಕಟ್ಟದ ಜಾಗಕ್ಕೂ ಒಂದು ಕಿಂಡಿ ಅಣೆಕಟ್ಟು ಕೇಳುತ್ತಿದ್ದಾರೆ. ಅದರ ಅರ್ಜಿಯನ್ನು ಕನ್ನಡದಲ್ಲಿ ಮಾಷ್ಟ್ರೇ ಬರೆದುಕೊಟ್ಟರು. ಈ ಸಲ ಹಲಗೆ, ಹಲಗೆ ಇಡುವ ಶೆಡ್ಡು, ವರ್ಷಕ್ಕೆ ಎರಡು ದಿನದ ಕೂಲಿ, ಇವನ್ನು ಮೊದಲ ಪುಟದಲ್ಲೇ ಬೇರೆ ಬೇರೆ ಸಾಲಾಗಿ ಬರೆಸಿದ್ದೇವೆ. ಒಪ್ಪಿಗೆ ಪತ್ರ ಒಂದು ಬರಬೇಕು, ಅದರ ಯಜಮಾನರು ವಿಟ್ಲದ ಹತ್ತಿರ ಇದ್ದಾರೆ. ಕೇರಳದ ಮುದ್ರಾಪತ್ರ ತೆಗೆದಿಟ್ಟಿದ್ದೇವೆ, ಅವರು ಬಂದು ಸಹಿ ಹಾಕಿದರೆ ಆಯಿತು.